ಇಪ್ಪತ್ತನಾಲ್ಕರ ಸಂಜೆ ಯಾರೂ ಕರೆಯುವುದಿಲ್ಲವೇಕೆ: ಜರ್ಮನಿಗೆ ಹೊಸದಾಗಿ ಬಂದವರಿಗೊಂದು ಉತ್ತರ

ಮಾನ್ಯ ಸಹೋದರಿಯವರಿಗೆ ವಂದನೆಗಳು.

ಮಳೆಗಾಲದಲ್ಲಿ ಮಂಗಳೂರು ಬಿಟ್ಟು ಸ್ಟುಟ್‌ಗಾರ್ಟ್‌ಗೆ ಬಂದು ನೆಲೆಸಿರುವ ನೀವು ಕ್ರಿಸ್‌ಮಸ್ ಕುರಿತು ಬರೆದು ಕೇಳಿರುವ ಮೂರು ಪ್ರಶ್ನೆಗಳನ್ನೂ ಸಾವಧಾನವಾಗಿ ಓದಿದೆ. ಕೆಳಗಿನ ಮನೆಯ ಹಿರಿಯಾಕೆ ನಿಮ್ಮೊಂದಿಗೆ ಅಷ್ಟು ಸಲುಗೆಯಿಂದ ಇದ್ದವರು, ಡಿಸೆಂಬರ್ 24ರ ಮಾತು ಬಂದ ಕೂಡಲೇ ‘ಹಬ್ಬ ಕಳೆದ ಮೇಲೆ ಸಿಗೋಣ’ ಎಂದುಬಿಟ್ಟರಲ್ಲ, ನಮ್ಮನ್ನು ದೂರವಿಡಲೆಂದೇ ಹಾಗೆ ಹೇಳಿದರೇ ಎಂಬುದು ಮೊದಲನೆಯದು. ಎರಡನೆಯ ತರಗತಿಯಲ್ಲಿ ಓದುವ ಮಗ ಮನೆಯಲ್ಲೂ ಮರ ಇಡಬೇಕೆಂದು ಹಟ ಹಿಡಿದಿದ್ದಾನೆ, ಊರಿನಲ್ಲಿರುವ ಅತ್ತೆಯವರಿಗೆ ಅದು ಸುತರಾಂ ಒಪ್ಪಿಗೆಯಿಲ್ಲ, ಏನು ಮಾಡುವುದು ಎಂಬುದು ಎರಡನೆಯದು. ವರ್ಷವಿಡೀ ಚರ್ಚಿನ ಕಡೆ ತಲೆಹಾಕದ ಸಹೋದ್ಯೋಗಿಗಳು ಈ ಹಬ್ಬ ಬಂದಾಗ ಮಾತ್ರ ಇಷ್ಟೊಂದು ಶ್ರದ್ಧಾವಂತರಾಗುವುದೇಕೆ ಎಂಬುದು ಮೂರನೆಯದು. ಪಕ್ಕದ ಎಸ್ಲಿಂಗನ್‌ನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಸಂಸಾರ ನಡೆಸಿ, ಇಲ್ಲೇ ಮಕ್ಕಳನ್ನು ಬೆಳೆಸಿದವಳಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಮೂರಕ್ಕೂ ಬೇರೆ ಬೇರೆ ಉತ್ತರ ಕೊಡಲು ಹೊರಟರೆ ಹೇಳಿದ್ದನ್ನೇ ಹೇಳಬೇಕಾದೀತು. ಮೊದಲನೆಯದು ಸರಿಯಾಗಿ ಅರ್ಥವಾದರೆ ಉಳಿದೆರಡು ತಾವಾಗಿಯೇ ಸಡಿಲಗೊಳ್ಳುತ್ತವೆ.

ನೀವು ಮಂಗಳೂರಿನಲ್ಲಿ ಬೆಳೆದವರಾದ್ದರಿಂದ ನಿಮಗಾದ ಬೇಸರ ಸಹಜವೇ. ಅಲ್ಲಿ ಕ್ರಿಸ್‌ಮಸ್ ಎಂದರೆ ಪಕ್ಕದ ಕ್ಯಾಥೊಲಿಕ್ ಮನೆಯಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಬರುವುದು, ಅದರಲ್ಲಿ ಕಿಡಿಯೊ, ನೆವ್ರಿ, ಗುಳಿಯೊಗಳ ಜೊತೆಗೆ ನಮ್ಮದೇ ಚಕ್ಕುಲಿಯೂ ಇರುವುದು, ಮಕ್ಕಳು ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ತೋರಿಸುವ ಗೋದಲಿಗಳನ್ನು ಮನೆಯಿಂದ ಮನೆಗೆ ನೋಡುತ್ತಾ ತಿರುಗುವುದು. ಹಬ್ಬ ಯಾರದ್ದಾದರೂ ಆ ದಿನದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂಬ ಲೆಕ್ಕ ನಿಮ್ಮ ಮನಸ್ಸಿನಲ್ಲಿ ಕೂತಿದೆ. ಇಲ್ಲಿಯ ಲೆಕ್ಕ ಬೇರೆ. ಇಲ್ಲಿಯವರೂ ಹಂಚುತ್ತಾರೆ, ಕರೆಯುತ್ತಾರೆ, ಕೂಡಿ ಹಾಡುತ್ತಾರೆ. ಆದರೆ ಅದಕ್ಕೆಲ್ಲ ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳನ್ನೂ ಹಬ್ಬದ ನಂತರದ ಕೆಲವು ದಿನಗಳನ್ನೂ ಮೀಸಲಿಟ್ಟಿದ್ದಾರೆ. ನಡುವಿನ ಆ ಒಂದು ಸಂಜೆ, ಹಬ್ಬದ ಮುನ್ನಾದಿನವಾದ 24ರ ಸಂಜೆ, ಮಾತ್ರ ಕಟ್ಟುನಿಟ್ಟಾಗಿ ಮನೆಯವರದು. ಆ ಹಿರಿಯಾಕೆ ನಿಮಗೆ ಹೇಳಿದ್ದನ್ನೇ ತಮ್ಮ ಅತ್ಯಂತ ಆಪ್ತ ಗೆಳತಿಗೂ ಹೇಳಿರುತ್ತಾರೆ, ಆ ಗೆಳತಿಗೆ ಅದರಿಂದ ಏನೂ ಅನ್ನಿಸಿರುವುದಿಲ್ಲ.

ಆದ್ದರಿಂದ ನೀವು ಕಣ್ಣಿಡಬೇಕಾದದ್ದು ಆಡ್ವೆಂಟ್ ಎಂದು ಕರೆಯುವ ಆ ನಾಲ್ಕು ಭಾನುವಾರಗಳ ಮೇಲೆ. ಮೊದಲ ಆಡ್ವೆಂಟ್ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಯಾವುದಾದರೂ ದಿನ ಬೀಳುತ್ತದೆ. ಅಂದು ಮನೆಮನೆಯ ಮೇಜಿನ ಮೇಲೆ ಫರ್ ಮರದ ಹಸಿರು ಕೊಂಬೆಗಳಿಂದ ಹೆಣೆದ ವೃತ್ತಾಕಾರದ ಹಾರವನ್ನಿಟ್ಟು, ಅದರ ಮೇಲಿನ ನಾಲ್ಕು ಮೇಣದ ಬತ್ತಿಗಳಲ್ಲಿ ಒಂದನ್ನು ಹಚ್ಚುತ್ತಾರೆ. ಮುಂದಿನ ಭಾನುವಾರ ಎರಡು, ಅದರಾಚೆ ಮೂರು, ಹೀಗೆ. ಇದು ಅನಾದಿಯಿಂದ ಬಂದದ್ದೇನಲ್ಲ. ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯಧಾಮವೊಂದನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಷರ್ನ್ ಎಂಬ ಪಾದ್ರಿ, ‘ಹಬ್ಬಕ್ಕೆ ಇನ್ನೆಷ್ಟು ದಿನ’ ಎಂದು ದಿನವೂ ಪೀಡಿಸುತ್ತಿದ್ದ ಮಕ್ಕಳಿಗಾಗಿ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನೂ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿಗಳನ್ನೂ ನೆಟ್ಟರಂತೆ. ಮನೆಗಳಿಗೆ ಬರುವಾಗ ಚಿಕ್ಕವು ಬಿದ್ದುಹೋಗಿ ನಾಲ್ಕು ಉಳಿದವು. ನಿಮ್ಮ ಮಗ ಅಂಗಡಿಯಲ್ಲಿ ನೋಡಿ ಬಂದಿರುವ 24 ಪುಟ್ಟ ಬಾಗಿಲುಗಳ ಕ್ಯಾಲೆಂಡರಿನ ಹುಟ್ಟೂ ಇಂಥದ್ದೇ. ಅದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುದ್ರಿಸಿ ಮಾರಾಟಕ್ಕೆ ತಂದ ಗೆರ್‌ಹಾರ್ಡ್ ಲಾಂಗ್, ನಮಗೆ ಹತ್ತಿರದ ಮೌಲ್‌ಬ್ರೋನ್ನಿನ ಪಾದ್ರಿಯೊಬ್ಬರ ಮಗ. ಬಾಲ್ಯದಲ್ಲಿ ತಾಯಿ ರಟ್ಟಿನ ಮೇಲೆ ಹೊಲಿದುಕೊಡುತ್ತಿದ್ದ ದಿನಕ್ಕೊಂದು ಸಿಹಿಯ ನೆನಪೇ ಅವನಿಗೆ ಬಂಡವಾಳವಾಯಿತು. ಕಾಯುವ ಕೆಲಸವನ್ನೇ ಹಬ್ಬವಾಗಿ ಮಾಡಿಕೊಂಡ ಜನ ಇವರು. ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿಬಿಡುವ ಈ ನಾಡಿನ ಡಿಸೆಂಬರನ್ನು ಒಮ್ಮೆ ಕಳೆದು ನೋಡಿ, ಬತ್ತಿಗಳನ್ನು ಒಂದೊಂದಾಗಿ ಏಕೆ ಹೆಚ್ಚಿಸುತ್ತಾರೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಆಡ್ವೆಂಟ್ ಭಾನುವಾರಗಳ ಮಧ್ಯಾಹ್ನ ಕಾಫಿಗೆ ಕರೆಯುವುದೂ ಹೋಗುವುದೂ ಇಲ್ಲಿಯ ವಾಡಿಕೆ. ನೀವೇ ಮೊದಲು ಕರೆಯಿರಿ. ಹದಿನೈದು ದಿನ ಮುಂಚೆ, ವೇಳೆ ಸಹಿತ. ‘ಯಾವಾಗಲಾದರೂ ಬನ್ನಿ’ ಎಂದರೆ ಇಲ್ಲಿ ಯಾರೂ ಎಂದಿಗೂ ಬರುವುದಿಲ್ಲ. ಮೂರೂವರೆಗೆ ಎಂದರೆ ಮೂರೂವರೆಗೇ ಕರೆಗಂಟೆ ಬಾರಿಸುತ್ತದೆ, ಹೂವಿನ ಗೊಂಚಲೋ ಬಿಸ್ಕತ್ತಿನ ಡಬ್ಬಿಯೋ ಕೈಯಲ್ಲಿರುತ್ತದೆ. ನೀವು ಮಾಡಿದ ಚಕ್ಕುಲಿ, ಕೋಡುಬಳೆ ಅವರಿಗೆ ಹಿಡಿಸುವುದರಲ್ಲಿ ನನಗೆ ಸಂಶಯವಿಲ್ಲ. ಖಾರ ಅರ್ಧಕ್ಕೆ ಇಳಿಸಿದರೆ ಸಾಕು.

ಬಿಸ್ಕತ್ತಿನ ಮಾತು ಬಂದಿತು. ನಮ್ಮ ಈ ಷ್ವಾಬಿಯನ್ ಸೀಮೆಯಲ್ಲಿ ಗುಟ್ಸ್‌ಲೆ ಎಂದು ಕರೆಯುವ ಚಿಕ್ಕ ಚಿಕ್ಕ ಹಬ್ಬದ ಬಿಸ್ಕತ್ತುಗಳನ್ನು ಆಡ್ವೆಂಟ್ ಪೂರ್ತಿ ಮನೆಯಲ್ಲೇ ಬೇಯಿಸುತ್ತಾರೆ, ತಗಡಿನ ಡಬ್ಬಿಗಳಲ್ಲಿ ತುಂಬಿಡುತ್ತಾರೆ, ಪೊಟ್ಟಣ ಕಟ್ಟಿ ಹಂಚುತ್ತಾರೆ. ನೀವು ಹುಡುಕುತ್ತಿರುವ ಕುಸ್ವಾರಿನ ತಟ್ಟೆ ಇದೇ. ಹಬ್ಬದ ದಿನ ಬರುವ ಬದಲು ಮೂರು ವಾರ ಮುಂಚೆ ಬರುತ್ತದೆ, ಅಷ್ಟೇ. ಅವುಗಳಲ್ಲಿ ಷ್ಪ್ರಿಂಗರ್ಲೆ ಎಂಬುದನ್ನು ನಮ್ಮ ಪಕ್ಕದ ಮನೆಯಾಕೆ ಮಾಡುವುದನ್ನು ಬಳಿಯಲ್ಲಿ ಕುಳಿತು ನೋಡಿದ್ದೇನೆ. ಮೊಟ್ಟೆಯನ್ನೂ ಸಕ್ಕರೆ ಪುಡಿಯನ್ನೂ ನೊರೆಯೇಳುವವರೆಗೆ ಬಹಳ ಹೊತ್ತು ಕಡೆದು, ಮೈದಾ ಕಲಸಿ, ಮೂಗಿಗೆ ರಪ್ಪನೆ ಹೊಡೆಯುವ ವಾಸನೆಯ ಒಂದು ಬಗೆಯ ಅಮೋನಿಯಾ ಉಪ್ಪನ್ನು ಚಿಟಿಕೆಯಷ್ಟು ಹಾಕುತ್ತಾರೆ. ಕಿರುಬೆರಳಿನ ದಪ್ಪಕ್ಕೆ ಲಟ್ಟಿಸಿದ ಹಿಟ್ಟಿನ ಮೇಲೆ ಪೇರ್ ಮರದಲ್ಲಿ ಕೆತ್ತಿದ ಅಚ್ಚನ್ನು ಒತ್ತಿ ಎತ್ತಿದರೆ ಕುದುರೆ ಸವಾರ, ಹೂಬುಟ್ಟಿ, ಹೃದಯ, ಹಕ್ಕಿಗಳು ಮೂಡುತ್ತವೆ. ಸಂಕ್ರಾಂತಿಗೆ ಮೈಸೂರಿನ ನಮ್ಮ ಮನೆಯಲ್ಲಿ ಸಕ್ಕರೆ ಅಚ್ಚು ತೆಗೆಯುತ್ತಿದ್ದಂತೆಯೇ, ಗೆರೆ ಮುರಿಯದಂತೆ ಉಸಿರು ಬಿಗಿಹಿಡಿದು. ಆಮೇಲೆ ಸೋಂಪಿನ ಕಾಳು ಚೆಲ್ಲಿದ ತಟ್ಟೆಯ ಮೇಲೆ ಒಂದು ಹಗಲು ಒಂದು ರಾತ್ರಿ ಅವು ಹಾಗೆಯೇ ಒಣಗಬೇಕು. ಮೇಲ್ಮೈ ಒಣಗಿ ಬಿರುಸಾಗಿರುವುದರಿಂದ ಓವನ್ನಿನಲ್ಲಿ ಬೇಯುವಾಗ ಹಿಟ್ಟು ಮೇಲಕ್ಕೆ ಉಬ್ಬಲಾರದೆ ಕೆಳಗಿನಿಂದ ಏಳುತ್ತದೆ, ಚಿತ್ರ ಬಿಳಿಯಾಗಿಯೇ ಉಳಿದು ಅದರಡಿ ಗೋಧಿ ಬಣ್ಣದ ಪೀಠವೊಂದು ಮೂಡುತ್ತದೆ. ಆ ಪೀಠವನ್ನು ಇವರು ಪಾದ ಎನ್ನುತ್ತಾರೆ. ಪಾದ ಸಮವಾಗಿ ಬಂದಿತೇ, ಓರೆಯಾಯಿತೇ ಎಂಬುದರ ಮೇಲೆ ಈ ಊರಿನ ಅತ್ತೆ ಸೊಸೆಯರ ಗೌರವ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಬೆಂದ ಹೊಸತರಲ್ಲಿ ಕಲ್ಲಿನಂತಿರುವ ಅವುಗಳ ಡಬ್ಬಿಯಲ್ಲಿ ಸೇಬಿನ ಹೋಳೊಂದನ್ನಿಟ್ಟು ಮೆತ್ತಗಾಗಿಸುತ್ತಾರೆ. ಪಕ್ಕದ ಮನೆಯಾಕೆಯ ಅಚ್ಚುಗಳು ಆಕೆಯ ಅಜ್ಜಿಯವು. ಮಗಳಿಗೆ ಯಾವುದು, ಸೊಸೆಗೆ ಯಾವುದು ಎಂಬುದು ಈಗಾಗಲೇ ತೀರ್ಮಾನವಾಗಿದೆ.

ನಿಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲವಾದರೆ ಬೆಣ್ಣೆ, ಮೈದಾ, ಬಾದಾಮಿ ಪುಡಿ, ಸಕ್ಕರೆಗಳಿಂದಷ್ಟೇ ಮಾಡುವ ಅರ್ಧಚಂದ್ರಾಕಾರದ ವೆನಿಲ್ಲಾ ಬಿಸ್ಕತ್ತುಗಳಿವೆ; ಕೆಲವರು ಹಳದಿ ಲೋಳೆ ಸೇರಿಸುತ್ತಾರೆ, ಕೇಳಿ ತಿನ್ನಿ. ಒಣಹಣ್ಣು ತುಂಬಿದ ಷ್ಟೊಲ್ಲನ್ ಎಂಬ ಬ್ರೆಡ್ಡಿನಲ್ಲಿ ಬೆಣ್ಣೆ ಧಾರಾಳವಾಗಿರುತ್ತದೆ, ಮೊಟ್ಟೆ ಸಾಮಾನ್ಯವಾಗಿ ಇರುವುದಿಲ್ಲ. ಮೋಸ ಹೋಗುವುದು ನಿರುಪದ್ರವಿಯಂತೆ ಕಾಣುವ ಪದಾರ್ಥಗಳಲ್ಲಿ: ಈ ಸೀಮೆಯ ಆಲೂಗಡ್ಡೆ ಸಲಾಡನ್ನು ಮಯೋನೀಸಿನ ಬದಲು ಮಾಂಸದ ಸಾರಿನಲ್ಲಿ ನೆನೆಸುತ್ತಾರೆ, ಕೆಂಪು ಎಲೆಕೋಸನ್ನು ಬಹಳ ಮನೆಗಳಲ್ಲಿ ಬಾತುಕೋಳಿಯ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಮಕ್ಕಳ ಅಂಟು ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಸಸ್ಯಾಹಾರಿ ಎಂದು ಮೊದಲೇ ತಿಳಿಸಿದರೆ ಇಂದಿನ ಯಾವ ಜರ್ಮನ್ ಮನೆಯೂ ಹುಬ್ಬೇರಿಸುವುದಿಲ್ಲ.

ಡಿಸೆಂಬರ್ 4ರಂದು ಸಂತ ಬಾರ್ಬರಾಳ ಹೆಸರಿನಲ್ಲಿ ಚೆರ್ರಿ ಮರದ ಬರಿಗೊಂಬೆಗಳನ್ನು ಕಡಿದು ತಂದು ನೀರಿನಲ್ಲಿಡುತ್ತಾರೆ. ಮನೆಯ ಬೆಚ್ಚಗೆ ಅವು ಹಬ್ಬದ ಹೊತ್ತಿಗೆ ಹೂ ಬಿಡುತ್ತವೆ. ಹೊರಗೆ ಎಲ್ಲ ಬೋಳಾಗಿರುವಾಗ ಮೇಜಿನ ಮೇಲೆ ಬಿಳಿ ಹೂ ಅರಳುವುದು ನನಗೆ ಈ ಇಡೀ ಹಬ್ಬದಲ್ಲಿ ಅತ್ಯಂತ ಪ್ರಿಯವಾದದ್ದು, ಖರ್ಚೂ ಇಲ್ಲ. 5ರ ರಾತ್ರಿ ಮಕ್ಕಳು ಬೂಟುಗಳನ್ನು ತಿಕ್ಕಿ ಹೊಳಪು ಮಾಡಿ ಬಾಗಿಲ ಹೊರಗಿಡುತ್ತಾರೆ, 6ರ ಬೆಳಗ್ಗೆ ಸಂತ ನಿಕೊಲಾಸ್ ಬಂದು ಹೋದ ಗುರುತಾಗಿ ಅದರಲ್ಲಿ ಕಿತ್ತಳೆ, ವಾಲ್‌ನಟ್, ಚಾಕೊಲೇಟ್ ಇರಬೇಕು. ಇದನ್ನು ನೀವು ಮರೆತರೆ ಮರುದಿನ ಶಾಲೆಯಲ್ಲಿ ನಿಮ್ಮ ಮಗನೊಬ್ಬನ ಬೂಟಷ್ಟೇ ಖಾಲಿಯಾಗಿರುತ್ತದೆ, ಆದ್ದರಿಂದ ಮರೆಯಬೇಡಿ.

ಸಂತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಅದನ್ನು ನಿಮಗೆ ಎಲ್ಲರೂ ತೋರಿಸುತ್ತಾರೆ. ಸ್ಟುಟ್‌ಗಾರ್ಟಿನ ಕ್ರಿಸ್‌ಮಸ್ ಸಂತೆಯ ಉಲ್ಲೇಖ 1692ರಿಂದಲೇ ಸಿಗುತ್ತದೆ, ಅಲ್ಲಿ ನೋಡಬೇಕಾದದ್ದು ಮಳಿಗೆಯೊಳಗಿನ ಸರಕಿಗಿಂತ ಮಳಿಗೆಗಳ ಮಾಡಿನ ಮೇಲಿನ ಅಲಂಕಾರ. ನಮ್ಮ ಎಸ್ಲಿಂಗನ್ನಿನ ಮಧ್ಯಯುಗದ ಮಾದರಿಯ ಸಂತೆಗೆ ಮಕ್ಕಳನ್ನು ಕರೆತನ್ನಿ, ಶನಿವಾರ ಮಾತ್ರ ಬೇಡ, ಕಾಲಿಡಲು ಜಾಗವಿರುವುದಿಲ್ಲ. ಬಿಸಿ ಮಸಾಲೆ ವೈನ್ ಬೇಡವಾದವರಿಗೆ ಕಿಂಡರ್‌ಪುನ್ಷ್ ಎಂಬ ಮದ್ಯವಿಲ್ಲದ ಹಣ್ಣಿನ ಪಾನೀಯ ಸಿಗುತ್ತದೆ. ಲೋಟಕ್ಕೆ ಠೇವಣಿ ಕೊಟ್ಟಿರುತ್ತೀರಿ, ಹಿಂದಿರುಗಿಸಿ ಹಣ ಪಡೆಯಿರಿ.

ಇನ್ನು 24. ಕಾನೂನಿನ ಪ್ರಕಾರ ಅದು ರಜಾದಿನವೇ ಅಲ್ಲ. 25 ಮತ್ತು 26 ಮಾತ್ರ ಸಾರ್ವಜನಿಕ ರಜೆ. ಆದರೂ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಆಮೇಲೆ 27ರ ಬೆಳಗಿನವರೆಗೆ ಹಾಲು, ಮೊಸರು, ತರಕಾರಿ ಏನೂ ಸಿಗುವುದಿಲ್ಲ. 27 ಭಾನುವಾರವಾದರೆ ಮತ್ತೊಂದು ದಿನ. ಬಸ್ಸು ರೈಲುಗಳೂ ವಿರಳವಾಗುತ್ತವೆ. ಮಕ್ಕಳ ಜ್ವರದ ಔಷಧಿಯನ್ನು ಮೊದಲೇ ತಂದಿಟ್ಟುಕೊಳ್ಳಿ. ಸಂಜೆಯಾಗುತ್ತಿದ್ದಂತೆ ಬೀದಿಯಲ್ಲಿ ಒಬ್ಬರೂ ಕಾಣದ ಆ ನಿಶ್ಶಬ್ದ ಮೊದಲ ವರ್ಷ ಎದೆಗೆ ಭಾರವಾಗಿಯೇ ತೋರುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮುಚ್ಚಿದ ಬಾಗಿಲ ಹಿಂದೆ ನಡೆಯುವುದು ಏನು ಎಂದರೆ, ಹೆಚ್ಚು ಕಡಿಮೆ ಕಳೆದ ವರ್ಷ ನಡೆದದ್ದೇ. ಮಧ್ಯಾಹ್ನದ ಮೇಲೆ ಚರ್ಚಿನಲ್ಲಿ ಮಕ್ಕಳು ಯೇಸುವಿನ ಜನನದ ಆಟ ಆಡುತ್ತಾರೆ. ವರ್ಷದಲ್ಲಿ ಅದೊಂದು ದಿನ ಕೂರಲು ಜಾಗ ಸಿಗುವುದಿಲ್ಲ. ಮನೆಗೆ ಬಂದ ಮೇಲೆ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ದೊಡ್ಡವರು ನಡುಮನೆಯಲ್ಲಿ ಮರದ ಬತ್ತಿಗಳನ್ನು ಹಚ್ಚಿ ಉಡುಗೊರೆಗಳನ್ನು ಅದರಡಿ ಜೋಡಿಸಿ ಚಿಕ್ಕ ಗಂಟೆಯೊಂದನ್ನು ಬಾರಿಸುತ್ತಾರೆ. ಈ ದಕ್ಷಿಣ ಭಾಗದಲ್ಲಿ ಉಡುಗೊರೆ ತರುವುದು ಬಿಳಿ ಗಡ್ಡದ ಮುದುಕನಲ್ಲ, ಕ್ರಿಸ್ಟ್‌ಕಿಂಡ್ ಎಂಬ ಕಣ್ಣಿಗೆ ಬೀಳದ ಶಿಶು. ಸಂತರ ಪೂಜೆಯನ್ನು ಒಪ್ಪದ, ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರನ ಅನುಯಾಯಿಗಳು ನಿಕೊಲಾಸನ ಕೈಯಿಂದ ಉಡುಗೊರೆಯ ಕೆಲಸವನ್ನು ಈ ಶಿಶುವಿಗೆ ವಹಿಸಿದರು. ಕಾಲ ಉರುಳಿ ಈಗ ಕ್ಯಾಥೊಲಿಕರ ಬವೇರಿಯಾ, ಆಸ್ಟ್ರಿಯಾಗಳಲ್ಲೇ ಅದಕ್ಕೆ ಹೆಚ್ಚು ನಂಬಿಕಸ್ಥರು ಎಂಬುದು ಒಂದು ವಿನೋದ. ಮಗನಿಗೆ ಒಂದು ಮಾತು ಹೇಳಿಡಿ: ಉಡುಗೊರೆ ತಂದಿಡುವವರು ಅಪ್ಪ ಅಮ್ಮಂದಿರೇ ಎಂಬ ರಹಸ್ಯವನ್ನು ತರಗತಿಯಲ್ಲಿ ಬಯಲು ಮಾಡುವವನು ಅವನಾಗಬಾರದು. ಬೇಕಿದ್ದರೆ ಅವನೂ ಬವೇರಿಯಾದ ಹಿಮ್ಮೆಲ್‌ಷ್ಟಾಟ್ ಎಂಬ ಊರಿನ ಅಂಚೆ ಕಚೇರಿಗೆ ಕ್ರಿಸ್ಟ್‌ಕಿಂಡ್ ಹೆಸರಿನಲ್ಲಿ ಕಾಗದ ಬರೆಯಲಿ. ಬೇಗ ಹಾಕಿದರೆ ಉತ್ತರ ಬರುತ್ತದೆ.

ಊಟ ನಿಮಗೆ ಅಚ್ಚರಿ ತರಬಹುದು. ಅಷ್ಟು ದೊಡ್ಡ ಹಬ್ಬದ ರಾತ್ರಿ ಬಹಳಷ್ಟು ಮನೆಗಳಲ್ಲಿ ತಿನ್ನುವುದು ಆಲೂಗಡ್ಡೆ ಸಲಾಡು ಮತ್ತು ಬೇಯಿಸಿದ ಸಾಸೇಜು. ಹಬ್ಬದ ಮುನ್ನಾದಿನ ಉಪವಾಸದ ದಿನವಾಗಿದ್ದ ಕಾಲದ ಸರಳತೆ ಅದರಲ್ಲಿ ಉಳಿದಿದೆ, ಅಡುಗೆಯವಳಿಗೂ ಅಂದು ಬಿಡುವಾಗುತ್ತದೆ. ಹುರಿದ ಬಾತುಕೋಳಿಯ ದೊಡ್ಡ ಊಟ ಮರುದಿನಕ್ಕೆ.

ಆದರೆ ಎಲ್ಲ ಮನೆಗಳಲ್ಲೂ ಹೀಗಿಲ್ಲ, ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲೇ ಇದೆ. ನಮ್ಮ ಮೇಲಿನ ಮಹಡಿಯಲ್ಲಿರುವ ಕುಟುಂಬದ ಅಜ್ಜಿ ಹುಟ್ಟಿದ್ದು ಸೈಲೀಸಿಯಾದಲ್ಲಿ, ಅಂದರೆ ಈಗಿನ ಪೋಲೆಂಡಿನಲ್ಲಿ. ಎರಡನೆಯ ಮಹಾಯುದ್ಧದ ಕೊನೆಯಲ್ಲೂ ಅದರ ನಂತರವೂ ಪೂರ್ವ ಯೂರೋಪಿನಿಂದ ಓಡಿಬಂದ, ಹೊರದೂಡಲ್ಪಟ್ಟ ಜರ್ಮನರ ಸಂಖ್ಯೆ ಸುಮಾರು 1.2 ಕೋಟಿ, ಅವರಲ್ಲಿ ಬಹಳ ಮಂದಿ ಈ ವ್ಯೂರ್ಟೆಂಬೆರ್ಗ್ ಸೀಮೆಯಲ್ಲಿ ನೆಲೆಸಿದರು, ಸ್ಥಳೀಯರು ಅವರನ್ನು ಆಗ ಅಷ್ಟೇನೂ ಆದರದಿಂದ ಬರಮಾಡಿಕೊಳ್ಳಲಿಲ್ಲ. ಆ ಮನೆಯಲ್ಲಿ 24ರ ರಾತ್ರಿ ಆಲೂಗಡ್ಡೆ ಸಲಾಡಿಲ್ಲ. ಕಪ್ಪು ಗಸಗಸೆಯನ್ನು ಅರೆದು, ಹಾಲು ಸಕ್ಕರೆಗಳಲ್ಲಿ ಕುದಿಸಿ, ದ್ರಾಕ್ಷಿ ಬಾದಾಮಿ ಬೆರೆಸಿ, ಗಾಜಿನ ಬೋಗುಣಿಯಲ್ಲಿ ಬಿಳಿ ಬ್ರೆಡ್ಡಿನ ಪದರಗಳ ನಡುವೆ ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟ ಒಂದು ಸಿಹಿ ಇರುತ್ತದೆ. ಅಜ್ಜಿ ತೀರಿಕೊಂಡು ವರ್ಷಗಳಾದವು. ಸೈಲೀಸಿಯಾವನ್ನು ಕಣ್ಣಿನಿಂದಲೂ ನೋಡದ, ಅಪ್ಪಟ ಷ್ವಾಬಿಯನ್ ಮಾತಾಡುವ ಮೊಮ್ಮಕ್ಕಳು ಈಗಲೂ ಅದನ್ನೇ ಮಾಡುತ್ತಾರೆ, ಗಸಗಸೆ ಅರೆಯುವ ಯಂತ್ರವೂ ಅಜ್ಜಿಯದೇ. ಅದರಲ್ಲಿ ರಮ್ ಹಾಕಬೇಕೇ ಬೇಡವೇ ಎಂದು ಅಣ್ಣ ತಂಗಿಯರು ವರ್ಷವರ್ಷವೂ ಜಗಳವಾಡುತ್ತಾರೆ. 26ರ ಮಧ್ಯಾಹ್ನ ಅದರಲ್ಲಿ ಒಂದು ಬಟ್ಟಲು ನಮ್ಮ ಮನೆಗೂ ಇಳಿದು ಬರುತ್ತದೆ, 24ರಂದು ಮಾತ್ರ ಎಂದೂ ಬಂದಿಲ್ಲ, ಬರಲೆಂದು ನಾನೂ ಬಯಸುವುದಿಲ್ಲ.

ಇದನ್ನು ನೋಡಿದ ಮೇಲೆ ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರ ಸಿಕ್ಕಿರಬೇಕು. ಜರ್ಮನಿಯ ಎರಡು ದೊಡ್ಡ ಚರ್ಚುಗಳಿಗೆ, ಅಂದರೆ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಚರ್ಚುಗಳಿಗೆ, ಸೇರಿದವರ ಒಟ್ಟು ಸಂಖ್ಯೆ ಈಗ ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿದಿದೆ. ಹಾಗೆಂದು ಹಬ್ಬದ ಹಿಡಿತ ಸಡಿಲಗೊಂಡಿಲ್ಲ, ಏಕೆಂದರೆ ಬಹಳ ಮನೆಗಳಲ್ಲಿ ಅದು ದೇವರ ಹಬ್ಬವಾಗಿರುವುದಕ್ಕಿಂತ ಹೆಚ್ಚಾಗಿ ಆ ಮನೆತನದ ಹಬ್ಬವಾಗಿದೆ. ಯಾವ ಹಾಡು ಮೊದಲು, ಯಾರು ಗಂಟೆ ಬಾರಿಸಬೇಕು, ತುದಿಯ ನಕ್ಷತ್ರ ಯಾರ ಕಾಲದ್ದು, ಸಲಾಡಿಗೆ ಸಾರೋ ಮಯೋನೀಸೋ ಎಂಬ ಸಣ್ಣ ಸಣ್ಣ ನಿಯಮಗಳಲ್ಲಿ ಸತ್ತ ಹಿರಿಯರು, ಬಿಟ್ಟು ಬಂದ ಊರುಗಳು, ಮುರಿದು ಮತ್ತೆ ಕೂಡಿದ ಸಂಬಂಧಗಳೆಲ್ಲ ಅಡಗಿ ಕುಳಿತಿರುತ್ತವೆ. ಗಂಡನ ಮನೆಯ ಕ್ರಮ ನಡೆಯಬೇಕೋ ಹೆಂಡತಿಯ ತವರಿನದೋ ಎಂಬುದರ ಮೇಲೆ ಮೊದಲ ವರ್ಷ ಮುನಿಸಿಕೊಂಡ ಜರ್ಮನ್ ದಂಪತಿಗಳು ನನಗೆ ಗೊತ್ತು. ಆ ಹೊತ್ತಿನಲ್ಲಿ ಹೊರಗಿನವರೊಬ್ಬರು ಕುಳಿತಿದ್ದರೆ ಮನೆಯವರು ಪ್ರತಿಯೊಂದನ್ನೂ ವಿವರಿಸುತ್ತಾ ಕೂರಬೇಕಾಗುತ್ತದೆ. ಅತಿಥಿಯ ಮುಂದೆ ರಮ್ಮಿನ ಜಗಳ ಆಡಲಾಗದು. ನನ್ನ ತಿಳುವಳಿಕೆಯಲ್ಲಿ ಆ ಬಾಗಿಲು ಮುಚ್ಚುವುದಕ್ಕೆ ಇಷ್ಟೇ ಕಾರಣ. ಎಲ್ಲರಿಗೂ ಆ ಸಂಜೆ ಸುಖದ್ದಾಗಿರುತ್ತದೆ ಎಂದೂ ಭಾವಿಸಬೇಡಿ. ಮಕ್ಕಳು ದೂರವಾದವರಿಗೆ, ಹೊಸದಾಗಿ ವಿಚ್ಛೇದನ ಪಡೆದವರಿಗೆ ವರ್ಷದ ಅತಿ ಕಷ್ಟದ ಸಂಜೆ ಅದೇ. ಅಂಥವರಿಗಾಗಿ ಊರೂರಿನ ಚರ್ಚುಗಳು ಸಹಭೋಜನ ಏರ್ಪಡಿಸುತ್ತವೆ, ಯಾವ ಮತದವರಾದರೂ ಹೋಗಬಹುದು.

ಬಾಗಿಲು ಮತ್ತೆ ತೆರೆಯುವುದು 26ರ ಹೊತ್ತಿಗೆ. ಉಲ್ಮ್ ಕಡೆಯಲ್ಲಿ ಬಹಳ, ನಮ್ಮ ಕಡೆಯಲ್ಲಿ ಸ್ವಲ್ಪ ಕಡಿಮೆ, ಮರವನ್ನು ಹೊಗಳಲು ಹೋಗುವ ಒಂದು ಸಂಪ್ರದಾಯವಿದೆ. ನೆರೆಯವರು, ಬಂಧುಗಳು ಮನೆಗೆ ಬಂದು ಮರದ ಮುಂದೆ ನಿಂತು ‘ಎಂಥ ಚೆಂದದ ಮರ’ ಎಂದು ಉದ್ಗರಿಸಬೇಕು, ಮನೆಯವರು ಚಿಕ್ಕ ಲೋಟದಲ್ಲಿ ಷ್ನಾಪ್ಸ್ ಎಂಬ ಮದ್ಯ ಕೊಡಬೇಕು. ಮರ ಸೊಟ್ಟಗಿದ್ದರೂ ಹೊಗಳಲೇಬೇಕು; ಹೆಚ್ಚು ಹೊಗಳಿದವರಿಗೆ ಲೋಟ ಮತ್ತೊಮ್ಮೆ ತುಂಬುತ್ತದೆ. ನಿಮಗೆ ಹಣ್ಣಿನ ರಸ ಕೊಟ್ಟಾರು. ನಿಮ್ಮ ಕೆಳಗಿನ ಮನೆಯಾಕೆ ‘ಹಬ್ಬ ಕಳೆದ ಮೇಲೆ’ ಎಂದದ್ದು ಬಾಯುಪಚಾರವಾಗಿರಲಾರದು. 27ರಂದು ಫೋನ್ ಮಾಡಿ, ಮರ ನೋಡಲು ಯಾವಾಗ ಬರಲಿ ಎಂದು ನೀವೇ ಕೇಳಿ.

ಈಗ ನಿಮ್ಮ ಮನೆಯ ಮರದ ಮಾತು. ಅತ್ತೆಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊಮ್ಮಕ್ಕಳು ಕೈತಪ್ಪಿ ಹೋಗುತ್ತಾರೆಂಬ ಭಯ ಮರದ ರೂಪದಲ್ಲಿ ಹೊರಬಂದಿದೆ. ಅವರಿಗೆ ಹೇಳಬಹುದಾದ ಸತ್ಯ ಸಂಗತಿ ಇಷ್ಟು: ಮರಕ್ಕೆ ಯಾರೂ ಪೂಜೆ ಮಾಡುವುದಿಲ್ಲ, ಕೈ ಮುಗಿಯುವುದಿಲ್ಲ. 1605ರಲ್ಲಿ ಸ್ಟ್ರಾಸ್‌ಬರ್ಗಿನ ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು ತೂಗುಹಾಕುತ್ತಿದ್ದರೆಂದು ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. ಚರ್ಚುಗಳ ಒಳಗೆ ಅದು ಬಂದದ್ದು ಬಹಳ ತಡವಾಗಿ. ಮತದ ಅಂಶವಿರುವುದು ಗೋದಲಿಯಲ್ಲಿ, ಮರದಲ್ಲಲ್ಲ. ಇಷ್ಟು ಹೇಳಿದರೂ ಅವರು ಒಪ್ಪದಿದ್ದರೆ ಹಟ ಹಿಡಿಯಬೇಡಿ. ಚೆರ್ರಿ ಕೊಂಬೆಯನ್ನೇ ದೊಡ್ಡದಾಗಿ ತಂದು ಮಗನ ಕೈಯಿಂದ ಹುಲ್ಲಿನ ನಕ್ಷತ್ರಗಳನ್ನು ಕಟ್ಟಿಸಿ, ವೀಡಿಯೊ ಕರೆಯಲ್ಲಿ ಹೂ ಬಿಟ್ಟದ್ದನ್ನು ಅಜ್ಜಿಗೆ ತೋರಿಸಲಿ. ಅವನನ್ನು ಚರ್ಚಿನ ಆಟದಲ್ಲಿ ಕುರಿಯ ಪಾತ್ರಕ್ಕೆ ಕರೆದರೆ ಕಳಿಸುವುದೂ ಬಿಡುವುದೂ ನಿಮ್ಮ ಇಚ್ಛೆ. ನಾವು ಕಳಿಸಿದ್ದೆವು, ಅದೇ ಹುಡುಗ ಮುಂದೆ ದಸರೆಗೆ ನಮ್ಮ ಮನೆಯ ಬೊಂಬೆಗಳಿಗೆ ಮೆಟ್ಟಿಲು ಕಟ್ಟುವವನೂ ಆದ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. 24ರ ಸಂಜೆಯನ್ನು ಖಾಲಿ ಬಿಡಬೇಡಿ. ಎಲ್ಲ ಕಿಟಕಿಗಳಲ್ಲೂ ದೀಪ ಉರಿಯುವಾಗ ಮಕ್ಕಳು ಟಿವಿಯ ಮುಂದೆ ಸುಮ್ಮನೆ ಕೂತಿರುವುದು ಒಳ್ಳೆಯದಲ್ಲ. ನಕಲು ಕ್ರಿಸ್‌ಮಸ್ ಮಾಡಬೇಕಾಗಿಲ್ಲ. ನಿಮ್ಮ ಮನೆಯದೇ ಒಂದು ಕ್ರಮ ಮಾಡಿಕೊಳ್ಳಿ, ಪ್ರತಿವರ್ಷ ಅದನ್ನೇ ಮಾಡಿ. ನಮ್ಮಲ್ಲಿ ಅಂದು ಮಸಾಲೆ ದೋಸೆ. ಹಿಟ್ಟು ಹುಳಿಯಲು ಚಳಿಗಾಲದಲ್ಲಿ ಎರಡು ದಿನ ಬೇಕಾದ್ದರಿಂದ 22ರಂದೇ ನೆನೆಹಾಕಿ ಹೀಟರಿನ ಪಕ್ಕದಲ್ಲಿಡುತ್ತೇನೆ. ದೋಸೆ ತಿಂದ ಮೇಲೆ ಎಲ್ಲರೂ ಸೇರಿ ಪಗಡೆ ಆಡುತ್ತೇವೆ, ಮೈಸೂರಿಗೆ ಫೋನ್ ಮಾಡುತ್ತೇವೆ, ಹತ್ತು ಗಂಟೆಗೆ ಊರ ಚರ್ಚಿನ ಗೋಪುರದಿಂದ ಕಹಳೆ ಊದುವವರ ಹಾಡು ಕೇಳಲು ಮಫ್ಲರ್ ಸುತ್ತಿ ಹೊರಡುತ್ತೇವೆ. ಈಗ ಬೇರೆ ಊರುಗಳಲ್ಲಿ ಕೆಲಸದಲ್ಲಿರುವ ಮಕ್ಕಳು ದೀಪಾವಳಿಗೆ ರಜೆ ಸಿಗದಿದ್ದರೂ ಅಂದು ತಪ್ಪದೆ ಬರುತ್ತಾರೆ. ಕಳೆದ ವರ್ಷ ದೋಸೆಯ ಬದಲು ಬೇರೇನಾದರೂ ಮಾಡಲೇ ಎಂದು ಕೇಳಿದ್ದಕ್ಕೆ ಇಬ್ಬರೂ ಒಂದೇ ಉಸಿರಿಗೆ ಬೇಡವೆಂದರು.

ಜನವರಿ 6 ಈ ರಾಜ್ಯದಲ್ಲಿ ರಜೆ. ಆ ಆಸುಪಾಸಿನಲ್ಲಿ ಶಿಶು ಯೇಸುವನ್ನು ಕಾಣಲು ಬಂದರೆನ್ನುವ ಮೂವರು ರಾಜರ ವೇಷ ತೊಟ್ಟ ಮಕ್ಕಳು ಬಾಗಿಲಿಗೆ ಬಂದು ಹಾಡಿ, ಬಡ ದೇಶಗಳ ಮಕ್ಕಳಿಗಾಗಿ ಹಣ ಕೇಳಿ, ಮನೆಯನ್ನು ಹರಸುವ ಅಕ್ಷರಗಳನ್ನು ಸೀಮೆಸುಣ್ಣದಿಂದ ಬಾಗಿಲ ಮೇಲೆ ಬರೆಯುತ್ತಾರೆ. ಬರೆಸಿಕೊಳ್ಳಲು ಇಷ್ಟವಿಲ್ಲದಿದ್ದರೆ ಹಾಡು ಕೇಳಿ ಹಣವಷ್ಟೇ ಕೊಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಚಿಲ್ಲರೆಯನ್ನು ಬಾಗಿಲ ಬಳಿ ಇಟ್ಟಿರಿ. ಅದರ ಮುಂದಿನ ವಾರದಲ್ಲಿ ಮರಗಳೆಲ್ಲ ಬೀದಿಗೆ ಬೀಳುತ್ತವೆ, ಹಲವು ಊರುಗಳಲ್ಲಿ ಯುವಕ ಸಂಘದ ಹುಡುಗರು ಅವನ್ನು ಸಂಗ್ರಹಿಸಿಕೊಂಡು ಹೋಗುತ್ತಾರೆ.

ಮೂರನೆಯ ಆಡ್ವೆಂಟ್ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನೀವು ಮನೆಯವರೊಂದಿಗೆ ನಮ್ಮಲ್ಲಿಗೆ ಬರಬೇಕೆಂದು ಕೋರುತ್ತೇನೆ. ಪಕ್ಕದ ಮನೆಯಾಕೆಯನ್ನೂ ಕರೆದಿದ್ದೇನೆ. ಒಂದೆರಡು ಅಚ್ಚುಗಳನ್ನು ತರಲು ಒಪ್ಪಿದ್ದಾರೆ. ಮಕ್ಕಳಿಗೆ ಹಳೆಯ ಬಟ್ಟೆ ಹಾಕಿಸಿ ಕರೆತನ್ನಿ, ಮೈದಾ ಮೈಯೆಲ್ಲ ಆಗುತ್ತದೆ. ಮೊಟ್ಟೆಯ ವಿಷಯ ಮುಂಚಿತವಾಗಿ ತಿಳಿಸಿದರೆ ನಿಮಗಾಗಿ ಬಾದಾಮಿಯ ಹಿಟ್ಟನ್ನು ಬೇರೆಯಾಗಿಯೇ ಕಲಸಿಡುತ್ತೇನೆ.